ಮಿದುಳು ಕಟ್ಟಿಕೊಳ್ಳುವ ಊರು

ಫಾಸ್ಟ್ ಲೋಕಲ್‌ನಲ್ಲಿ ವರ್ಷಗಟ್ಟಲೆ ಠಾಣೆಯಿಂದ ಕಲ್ಯಾಣದ ಕಡೆಗೆ ಓಡಾಡಿದವರಿಗೆಲ್ಲ ಪಾರ್ಸಿಕ್ ಸುರಂಗ ಗೊತ್ತು. 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಸುರಂಗ. ಗಾಡಿ ಒಳಗೆ ಹೊಕ್ಕ ಕೂಡಲೇ ಸದ್ದು ಒಮ್ಮೆಗೇ ದಪ್ಪಗಾಗುತ್ತಿತ್ತು, ಕಿವಿ ಸ್ವಲ್ಪ ಗವ್ ಎನ್ನುತ್ತಿತ್ತು, ಹೊರಬಿದ್ದ ಮೇಲೆ ಇಳಿಯುವವರು ಬಾಗಿಲ ಕಡೆ ಸರಿಯುತ್ತಿದ್ದರು. 2022ರ ಫೆಬ್ರವರಿಯಲ್ಲಿ ಠಾಣೆ–ದಿವಾ ನಡುವಿನ ಐದು ಮತ್ತು ಆರನೆಯ ಹಳಿಗಳು ಶುರುವಾದಾಗ ಫಾಸ್ಟ್ ಲೋಕಲ್‌ಗಳ ದಾರಿ ಬದಲಾಯಿತು. ಸುರಂಗ ದೂರದೂರಿನ ಗಾಡಿಗಳ ಪಾಲಾಯಿತು. ಆ ದಿನಗಳಲ್ಲಿ ತೂಕಡಿಸುತ್ತ ಬರುತ್ತಿದ್ದ ನಾನು ಕಳವಾ ದಾಟಿದ ಮೇಲೆ ತಟ್ಟನೆ ಎಚ್ಚರಗೊಳ್ಳುತ್ತಿದ್ದೆ. ಯಾವ ಸದ್ದೂ ನನ್ನನ್ನು ಎಬ್ಬಿಸಿರಲಿಲ್ಲ. ಬರಬೇಕಾಗಿದ್ದ ಸದ್ದು ಬಾರದೇ ಇದ್ದದ್ದೇ ಎಬ್ಬಿಸಿತ್ತು.

ಇಲ್ಲದ ಸದ್ದು ಮನುಷ್ಯನನ್ನು ಎಬ್ಬಿಸಬೇಕಾದರೆ, ಅದು ಬರುತ್ತದೆಂದು ಒಳಗೆ ಯಾರೋ ಕಾಯುತ್ತಿರಬೇಕು. ಕಣ್ಣು ಮುಚ್ಚಿದ್ದರೂ ಗಾಡಿ ಈಗ ಎಲ್ಲಿದೆ, ಮುಂದೇನು ಎಂದು ಲೆಕ್ಕ ಹಾಕುತ್ತಿರಬೇಕು. ಮಿದುಳು ಹೊರಗಿನ ಲೋಕದ ಒಂದು ಮಾದರಿಯನ್ನು ಒಳಗೆ ಇಟ್ಟುಕೊಂಡು ಸದಾ ಮುಂದಿನದನ್ನು ಊಹಿಸುತ್ತಿರುತ್ತದೆ ಎಂಬ ವಿಚಾರ ಇಂದು ನರವಿಜ್ಞಾನದಲ್ಲಿ ಎಲ್ಲೆಲ್ಲೂ ಕೇಳಿಬರುತ್ತದೆ. ಈ ವಿಚಾರಕ್ಕೊಂದು ಇತಿಹಾಸವಿದೆ. ಅದರ ನಡುವೆ ಬೆಂಗಳೂರಿನಲ್ಲಿ ಓದಿದ ಒಬ್ಬ ಎಲೆಕ್ಟ್ರಿಕಲ್ ಇಂಜಿನಿಯರ್ ಇದ್ದಾರೆ. ಎಂ.ಟೆಕ್ ಓದುವಾಗ ಅವರ ಹೆಸರನ್ನು ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಈ ಕಥೆಯನ್ನು ನಿಮಗೆ ಹೇಳಬೇಕೆನ್ನಿಸಿತು.

ಮೊದಲ ಎಳೆ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಅವರದು. 1860ರ ದಶಕದಲ್ಲಿ ಮುಗಿಸಿದ ದೃಷ್ಟಿಶಾಸ್ತ್ರದ ದೊಡ್ಡ ಗ್ರಂಥದಲ್ಲಿ ಅವರು ಹೇಳಿದ್ದು ಹೀಗೆ: ಕಣ್ಣಿನ ಹಿಂಭಾಗದಲ್ಲಿ ಬೀಳುವ ಬೆಳಕಷ್ಟರಿಂದಲೇ ಎದುರಿಗಿರುವ ವಸ್ತು ಯಾವುದೆಂದು ತೀರ್ಮಾನವಾಗದು. ಹತ್ತಿರದ ಚಿಕ್ಕ ಚೆಂಡೂ ದೂರದ ದೊಡ್ಡ ಚೆಂಡೂ ಒಂದೇ ಗಾತ್ರದ ಬಿಂಬ ಬೀರಬಹುದು. ಆದ್ದರಿಂದ ಮನಸ್ಸು ಹಳೆಯ ಅನುಭವದ ಆಧಾರದಲ್ಲಿ, ನಮಗೆ ತಿಳಿಯದಂತೆಯೇ, ಒಂದು ಅನುಮಾನ ಮಾಡುತ್ತದೆ. ನಾವು ನೋಡುವುದು ಆ ಅನುಮಾನವನ್ನು. ನ್ಯಾಯಶಾಸ್ತ್ರ ಓದಿದವರಿಗೆ ಅನುಮಾನ ಎಂಬ ಮಾತು ಹೊಸದಲ್ಲ. ಹೊಗೆ ಕಂಡು ಬೆಂಕಿ ತಿಳಿಯುವುದು ಅಲ್ಲಿನ ಹಳೆಯ ಉದಾಹರಣೆ. ಹೆಲ್ಮ್‌ಹೋಲ್ಟ್ಸ್ ಅದನ್ನು ಕಣ್ಣಿನ ದಿನಗೆಲಸಕ್ಕೇ ಹಚ್ಚಿದರು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಮನಶ್ಶಾಸ್ತ್ರ ಈ ದಾರಿ ಬಿಟ್ಟಿತು. ಒಳಗೇನಿದೆಯೆಂದು ಕೇಳಬೇಡಿ, ಪ್ರಚೋದನೆ ಮತ್ತು ಪ್ರತಿಕ್ರಿಯೆ ಅಳೆದರೆ ಸಾಕು ಎಂಬ ವರ್ತನಾವಾದದ ಕಾಲ ಅದು. ಅದರೊಳಗಿದ್ದುಕೊಂಡೇ ತಕರಾರು ತೆಗೆದವರು ಬರ್ಕ್ಲಿಯ ಎಡ್ವರ್ಡ್ ಟೋಲ್ಮನ್. 1930ರಲ್ಲಿ ಅವರೂ ಹಾನ್ಜಿಕ್ ಅವರೂ ಇಲಿಗಳನ್ನು ಚಕ್ರವ್ಯೂಹದಂಥ ದಾರಿಗಳಲ್ಲಿ ಬಿಟ್ಟರು. ಒಂದು ಗುಂಪಿಗೆ ಕೊನೆಯಲ್ಲಿ ದಿನವೂ ಆಹಾರ. ಇನ್ನೊಂದಕ್ಕೆ ಹತ್ತು ದಿನ ಏನೂ ಇಲ್ಲ, ಸುಮ್ಮನೆ ಅಲೆದಾಟ. ಹನ್ನೊಂದನೆಯ ದಿನ ಅವಕ್ಕೂ ಆಹಾರ ಇಟ್ಟರು. ಮರುದಿನವೇ ಅವುಗಳ ತಪ್ಪುಗಳು ಮೊದಲ ಗುಂಪಿನ ಮಟ್ಟಕ್ಕೆ ಇಳಿದವು. ಅಂದರೆ ಬಹುಮಾನವಿಲ್ಲದ ಆ ಹತ್ತು ದಿನಗಳಲ್ಲೂ ಇಲಿಗಳು ದಾರಿ ಕಲಿಯುತ್ತಲೇ ಇದ್ದವು, ತೋರಿಸುವ ಕಾರಣ ಸಿಕ್ಕಿರಲಿಲ್ಲ ಅಷ್ಟೆ. 1948ರಲ್ಲಿ ಟೋಲ್ಮನ್ ಇದಕ್ಕೆ ಅರಿವಿನ ನಕ್ಷೆ ಎಂದು ಹೆಸರಿಟ್ಟರು.

ಅದೇ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಕೆನೆತ್ ಕ್ರೇಕ್ ಎಂಬ ತರುಣ ಇನ್ನೊಂದು ಹೆಜ್ಜೆ ಇಟ್ಟಿದ್ದರು. 1943ರ ಅವರ ಪುಟ್ಟ ಪುಸ್ತಕದ ವಾದ ನಮ್ಮ ವೃತ್ತಿಯವರಿಗೆ ತಟ್ಟನೆ ಅರ್ಥವಾಗುವಂಥದ್ದು. ಸೇತುವೆ ಕಟ್ಟುವವನು ಮೊದಲು ಚಿಕ್ಕ ಮಾದರಿ ಮಾಡಿ ಭಾರ ಹೇರಿ ನೋಡುತ್ತಾನೆ. ಪ್ರಾಣಿಯ ತಲೆಯೊಳಗೂ ಹೊರಗಿನ ಲೋಕದ ಅಂಥದೊಂದು ಚಿಕ್ಕ ಮಾದರಿ ಇದ್ದರೆ, ಅದು ಅಪಾಯವನ್ನು ಮೊದಲು ಒಳಗೇ ಓಡಿಸಿ ನೋಡಿ, ಆಮೇಲೆ ಕಾಲು ಮುಂದಿಡಬಹುದು. ಪ್ರೊಡಕ್ಷನ್‌ಗೆ ಹಾಕುವ ಮೊದಲು ಟೆಸ್ಟ್ ಎನ್ವಿರಾನ್‌ಮೆಂಟಿನಲ್ಲಿ ಓಡಿಸಿ ನೋಡುವ ನಮಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. 1945ರ ಮೇ ತಿಂಗಳಲ್ಲಿ, ಯುರೋಪಿನಲ್ಲಿ ಯುದ್ಧ ಮುಗಿಯುವ ಹೊಸ್ತಿಲಲ್ಲಿ, ಸೈಕಲ್ ಅಪಘಾತದಲ್ಲಿ ಕ್ರೇಕ್ ತೀರಿಕೊಂಡರು. ವಯಸ್ಸು 31.

ಇಷ್ಟರವರೆಗೆ ಮಾದರಿ ಎಂಬುದು ಒಳ್ಳೆಯ ಮಾತಾಗಿತ್ತು. ನರಕೋಶಗಳು ಅದನ್ನು ಹೇಗೆ ಲೆಕ್ಕ ಹಾಕುತ್ತವೆ ಎಂಬುದು ಗೊತ್ತಿರಲಿಲ್ಲ. ಆ ಸುಳಿವು ಬಂದದ್ದು ಟೆಲಿವಿಷನ್ ಇಂಜಿನಿಯರುಗಳ ಕಡೆಯಿಂದ. 1952ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಒಂದು ಕಷ್ಟವಿತ್ತು: ತಂತಿಯ ಸಾಮರ್ಥ್ಯ ಕಡಿಮೆ, ಕಳಿಸಬೇಕಾದ ಚಿತ್ರ ದೊಡ್ಡದು. ಚಿತ್ರದಲ್ಲಿ ಪಕ್ಕಪಕ್ಕದ ಚುಕ್ಕೆಗಳು ಸಾಮಾನ್ಯವಾಗಿ ಒಂದೇ ಥರ ಇರುತ್ತವೆ. ಆಕಾಶದ ಪಕ್ಕ ಆಕಾಶ, ಗೋಡೆಯ ಪಕ್ಕ ಗೋಡೆ. ಹಾಗಾದರೆ ಪ್ರತಿ ಚುಕ್ಕೆಯ ಹೊಳಪನ್ನೂ ಏಕೆ ಕಳಿಸಬೇಕು? ಅಕ್ಕಪಕ್ಕದವು 100, 102, 101 ಇದ್ದರೆ ನಡುವಿನದು 101 ಇರಬಹುದು ಎಂದು ಊಹಿಸಿ. ನಿಜವಾಗಿ ಅದು 103 ಇದ್ದರೆ 2 ಎಂದಷ್ಟೇ ಕಳಿಸಿ. ಊಹೆ ಸರಿಯಿದ್ದರೆ ಸೊನ್ನೆ. ತಪ್ಪಿದ್ದಷ್ಟೇ ಸುದ್ದಿ. 1961ರಲ್ಲಿ ಕೇಂಬ್ರಿಜ್‌ನ ಹೊರೇಸ್ ಬಾರ್ಲೋ, ಇಂದ್ರಿಯಗಳೂ ಹೀಗೆಯೇ ಅನವಶ್ಯಕವಾಗಿ ಮರುಕಳಿಸುವುದನ್ನು ತೆಗೆದುಹಾಕುತ್ತಿರಬಹುದು ಎಂದು ಬರೆದರು.

ಈಗ ನಮ್ಮ ಇಂಜಿನಿಯರ್. ಮಂಡ್ಯಂ ವೀರಾಂಬುಧಿ ಶ್ರೀನಿವಾಸನ್ 1948ರಲ್ಲಿ ಹುಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಸ್ನಾತಕೋತ್ತರ ಪದವಿ, ಆಮೇಲೆ ಯೇಲ್‌ನಲ್ಲಿ ಪಿಎಚ್‌.ಡಿ. ಅಲ್ಲಿಂದ ಆಸ್ಟ್ರೇಲಿಯಾದ ಕ್ಯಾನ್ಬೆರಾ. 1982ರಲ್ಲಿ ಅವರು ಸೈಮನ್ ಲಾಫ್ಲಿನ್ ಮತ್ತು ಡಬ್ಸ್ ಅವರೊಂದಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಇಂದು ಜಗತ್ತು ಪ್ರಿಡಿಕ್ಟಿವ್ ಕೋಡಿಂಗ್ ಎಂದು ಕರೆಯುವ ಮಾತು ಆ ಲೇಖನದ ಶೀರ್ಷಿಕೆಯಲ್ಲೇ ಇತ್ತು.

ಅವರು ಬಿಡಿಸಿದ ಒಗಟು ಇದು. ಕಣ್ಣಿನ ಅಕ್ಷಿಪಟದಲ್ಲಿ ಒಂದು ಕೋಶಕ್ಕೆ ಬೆಳಕು ಬಿದ್ದರೆ ಅದು ಚುರುಕಾಗುತ್ತದೆ, ಆದರೆ ಸುತ್ತಲಿನ ಕೋಶಗಳಿಗೂ ಬೆಳಕು ಬಿದ್ದರೆ ಅವು ನಡುವಿನದನ್ನು ಅದುಮುತ್ತವೆ. ಇದು ಹಿಂದಿನಿಂದಲೂ ಗೊತ್ತಿತ್ತು. ಅಂಚುಗಳನ್ನು ಎದ್ದು ಕಾಣಿಸುವುದಕ್ಕೆ ಹೀಗಿದೆ ಎಂದು ಪಾಠಪುಸ್ತಕ ಹೇಳುತ್ತಿತ್ತು. ಶ್ರೀನಿವಾಸನ್ ಮತ್ತು ಜೊತೆಗಾರರು ಬೇರೆ ಅರ್ಥ ಕೊಟ್ಟರು. ಸುತ್ತಲಿನ ಕೋಶಗಳು ನಡುವಿನ ಹೊಳಪನ್ನು ಊಹಿಸುತ್ತಿವೆ, ಅದುಮುವಿಕೆ ಎಂದರೆ ಆ ಊಹೆಯನ್ನು ಕಳೆಯುವ ಕೆಲಸ. ನರಕೋಶದ ಸಂದೇಶಕ್ಕೆ ಮಿತಿಯಿದೆ, ಅದರೊಳಗೇ ಗದ್ದಲವೂ ಇದೆ. ಗೊತ್ತಿರುವ ಭಾಗವನ್ನು ಕಳೆದುಬಿಟ್ಟರೆ ಉಳಿದ ಸಾಮರ್ಥ್ಯವೆಲ್ಲ ಹೊಸ ಸುದ್ದಿಗೆ ಸಿಗುತ್ತದೆ.

ಚೆಂದದ ವಿವರಣೆಗಳು ಬೇಕಾದಷ್ಟಿರುತ್ತವೆ, ಪರೀಕ್ಷೆಗೆ ಒಡ್ಡಿಕೊಳ್ಳುವವು ಕಡಿಮೆ. ಇದು ಒಡ್ಡಿಕೊಂಡಿತು. ಮಬ್ಬು ಬೆಳಕಿನಲ್ಲಿ ಪ್ರತಿ ಕೋಶದ ವರದಿಯೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಬೀಳುವ ಬೆಳಕಿನ ಕಣಗಳೇ ಕೆಲವು. ಆಗ ಒಳ್ಳೆಯ ಊಹೆ ಬೇಕಾದರೆ ಹತ್ತಿರದ ಇಬ್ಬರನ್ನು ಕೇಳಿದರೆ ಸಾಲದು, ದೂರದ ಹತ್ತು ಜನರನ್ನು ಕೇಳಿ ಸರಾಸರಿ ತೆಗೆಯಬೇಕು. ಹಾಗಾಗಿ ಬೆಳಕು ಕಡಿಮೆಯಾದಂತೆ ಅದುಮುವಿಕೆ ಅಗಲವಾಗಿ ಹರಡಬೇಕು, ತೆಳುವಾಗಬೇಕು ಎಂದು ಲೆಕ್ಕ ಹೇಳಿತು. ನೊಣದ ಕಣ್ಣಿನ ಹಿಂದಿನ ಕೋಶಗಳಲ್ಲಿ ಅಳೆದಾಗ ಕಂಡದ್ದು ಈ ಲೆಕ್ಕಕ್ಕೆ ಹೊಂದಿತು.

ಮುಂದೆ ಶ್ರೀನಿವಾಸನ್ ಜೇನುಹುಳುಗಳ ಬೆನ್ನು ಹತ್ತಿದರು. ಜೇನುಹುಳು ಇಕ್ಕಟ್ಟಾದ ಹಾದಿಯ ಸರಿಯಾಗಿ ನಡುವೆ ಹಾರುತ್ತದೆ. ಎರಡೂ ಬದಿಯ ಗೋಡೆಗಳು ಕಣ್ಣಿನಲ್ಲಿ ಹಿಂದಕ್ಕೆ ಸರಿಯುವ ವೇಗವನ್ನು ಸಮವಾಗಿಟ್ಟುಕೊಳ್ಳುವುದೇ ಅದರ ಉಪಾಯ. ದೂರವನ್ನೂ ಅದು ಹೀಗೆಯೇ ಅಳೆಯುತ್ತದೆಯೇ? 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಳುಗಳನ್ನು ಸುಮಾರು ಆರು ಮೀಟರ್ ಉದ್ದದ, ಒಳಗೆಲ್ಲ ಚಿತ್ತಾರವಿದ್ದ ಕಿರಿದಾದ ಸುರಂಗದಲ್ಲಿ ಹಾರಿಸಿದರು. ಗೂಡಿಗೆ ಮರಳಿ ಅವು ಕುಣಿದು ಹೇಳಿದ ದೂರ ಸುಮಾರು 200 ಮೀಟರ್! ಗೋಡೆ ಹತ್ತಿರವಿದ್ದದ್ದರಿಂದ ಚಿತ್ತಾರ ವೇಗವಾಗಿ ಸರಿದಿತ್ತು, ಹುಳು ಅದನ್ನೇ ದೂರವೆಂದು ಎಣಿಸಿತ್ತು. ಗೋಡೆಯ ಪಟ್ಟೆಗಳನ್ನು ಹಾರುವ ದಿಕ್ಕಿಗೇ ಉದ್ದಕ್ಕೆ ಬಳಿದಾಗ, ಸರಿಯುವುದೇನೂ ಕಾಣದೆ, ಅವು ಹತ್ತಿರದಲ್ಲೇ ಇದೆ ಎಂದು ಕುಣಿದವು. ಒಂದು ಹುಳುವಿನ ತಲೆಯೊಳಗಿನ ಲೋಕ ಯಾವ ಕಚ್ಚಾ ಸಾಮಗ್ರಿಯಿಂದ ಆಗಿದೆ ಎಂಬುದು ಹೀಗೆ ಬಯಲಾಯಿತು. ಈ ಉಪಾಯಗಳೇ ಆಮೇಲೆ ಚಿಕ್ಕ ಚಾಲಕರಹಿತ ವಿಮಾನಗಳಿಗೆ ಬಂದವು.

ಇತ್ತ ಟೋಲ್ಮನ್ ಹೇಳಿದ್ದ ನಕ್ಷೆಗೆ ಮಿದುಳಿನಲ್ಲಿ ಜಾಗವೂ ಸಿಕ್ಕಿತ್ತು. 1971ರಲ್ಲಿ ಲಂಡನ್ನಿನ ಜಾನ್ ಓಕೀಫ್ ಮತ್ತು ದೊಸ್ತ್ರೋವ್‌ಸ್ಕಿ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ವಿಚಿತ್ರ ಕೋಶಗಳನ್ನು ಕಂಡರು. ಇಲಿ ಕೋಣೆಯ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತಾಗ ಮಾತ್ರ ಒಂದು ಕೋಶ ಮಿಡಿಯುತ್ತದೆ, ಬೇರೆ ಜಾಗಕ್ಕೆ ಬೇರೆ ಕೋಶ. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ತಂಡ ಹಿಪೊಕ್ಯಾಂಪಸ್‌ಗೆ ಸುದ್ದಿ ಮುಟ್ಟಿಸುವ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ, ನೆಲಕ್ಕೆ ಷಡ್ಭುಜದ ರಂಗೋಲಿ ಚುಕ್ಕೆ ಇಟ್ಟಂತೆ ಸಮ ಅಂತರದಲ್ಲಿ ಮಿಡಿಯುವ ಗ್ರಿಡ್ ಕೋಶಗಳನ್ನು ವರದಿ ಮಾಡಿತು. 2014ರ ನೊಬೆಲ್ ಈ ಮೂವರಿಗೆ ಬಂತು.

ಎರಡು ಎಳೆಗಳನ್ನು ಹತ್ತಿರ ತಂದವರಲ್ಲಿ ಭಾರತದಲ್ಲೇ ಹುಟ್ಟಿದ ರಾಜೇಶ್ ರಾವ್ ಒಬ್ಬರು. 1999ರಲ್ಲಿ ಅವರೂ ಡಾನಾ ಬ್ಯಾಲರ್ಡ್ ಅವರೂ ಊಹಿಸಿ ಕಳೆಯುವ ಲೆಕ್ಕವನ್ನು ಕಣ್ಣಿನಿಂದ ಮಿದುಳಿಗೆ ಏರಿಸಿದರು. ಅವರ ಮಾದರಿಯಲ್ಲಿ ಮೇಲಿನ ಪದರ ಕೆಳಗಿನ ಪದರಕ್ಕೆ ಊಹೆ ಕಳಿಸುತ್ತದೆ, ಕೆಳಗಿನದು ತಪ್ಪಿದ್ದಷ್ಟನ್ನು ಮೇಲಕ್ಕೆ ಕಳಿಸುತ್ತದೆ. ಪ್ರಕೃತಿಯ ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ಕಲಿಸಿದಾಗ, ಚಿಕ್ಕ ಗೆರೆಗೆ ಮಿಡಿದು ಉದ್ದ ಗೆರೆಗೆ ಸುಮ್ಮನಾಗುವ ಕೋಶಗಳು ತಾವಾಗಿ ಮೂಡಿದವು. ಅಂಥ ಕೋಶಗಳು ನಿಜವಾದ ಮಿದುಳಿನಲ್ಲಿ 1960ರ ದಶಕದಿಂದ ಗೊತ್ತಿದ್ದವು, ಕಾರಣ ಗೊತ್ತಿರಲಿಲ್ಲ. ಲೋಕದಲ್ಲಿ ಗೆರೆಗಳು ಸಾಮಾನ್ಯವಾಗಿ ಮುಂದುವರಿಯುತ್ತವೆ. ಮುಂದುವರಿದರೆ ಊಹೆ ಸರಿ, ಸುದ್ದಿಯಿಲ್ಲ. ನಡುವೆ ನಿಂತರೆ ಸುದ್ದಿ. ಎರಡು ವರ್ಷ ಮೊದಲು, 1997ರಲ್ಲಿ, ಶುಲ್ಟ್ಸ್, ದಯಾನ್ ಮತ್ತು ಮಾಂಟೆಗ್ಯೂ ಕೋತಿಗಳ ಡೋಪಮೈನ್ ಕೋಶಗಳ ಬಗ್ಗೆ ಇಂಥದೇ ಮಾತು ಹೇಳಿದ್ದರು. ಕೊಡಬೇಕಾದ ಹಣ್ಣಿನ ರಸ ಕೊಡದಿದ್ದರೆ, ಸರಿಯಾಗಿ ಅದು ಬರಬೇಕಿದ್ದ ಕ್ಷಣಕ್ಕೇ ಆ ಕೋಶಗಳ ಮಿಡಿತ ಇಳಿಯುತ್ತದೆ. ಇಲ್ಲದ್ದೂ ಮಿದುಳಿಗೆ ಒಂದು ಘಟನೆಯೇ.

ಆಮೇಲಿನ ವರ್ಷಗಳಲ್ಲಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಈ ತತ್ವವನ್ನು ಮಿದುಳಿನ ಎಲ್ಲ ಕೆಲಸಕ್ಕೂ ವಿಸ್ತರಿಸಿದರು. ಎಲ್ಲವನ್ನೂ ವಿವರಿಸುವ ಸಿದ್ಧಾಂತ ಯಾವುದನ್ನೂ ವಿವರಿಸದೇ ಹೋಗಬಹುದು ಎಂದು ತಕರಾರು ತೆಗೆಯುವವರೂ ಇದ್ದಾರೆ. ನನಗೆ ಆ ತಕರಾರು ಸರಿ ಎನ್ನಿಸುತ್ತದೆ. ಶ್ರೀನಿವಾಸನ್ ಅವರ ನೊಣದ ಕಣ್ಣಿನ ಲೆಕ್ಕ ನನಗೆ ಇಷ್ಟವಾಗುವುದು ಅದು ತಪ್ಪಾಗಬಹುದಾಗಿದ್ದರಿಂದಲೇ.

ಬೆಂಗಳೂರಿನ ಪಾಲು ಅಲ್ಲಿಗೆ ಮುಗಿಯಲಿಲ್ಲ. ಜೀವವಿಜ್ಞಾನಗಳ ರಾಷ್ಟ್ರೀಯ ಕೇಂದ್ರದಲ್ಲಿ, ಎನ್‌ಸಿಬಿಎಸ್ ಎಂದೇ ಕರೆಯುವ ಸಂಸ್ಥೆಯಲ್ಲಿ, ಉಪಿಂದರ್ ಭಲ್ಲಾ ಅವರ ತಂಡ ಕಂಪ್ಯೂಟರ್ ಮಾದರಿ ಮತ್ತು ಪ್ರಯೋಗ ಎರಡನ್ನೂ ಜೊತೆಗೆ ನಡೆಸುತ್ತ ಬಂತು. 2006ರಲ್ಲಿ ರಾಘವ್ ರಾಜನ್, ಜೇಮ್ಸ್ ಕ್ಲೆಮೆಂಟ್ ಮತ್ತು ಭಲ್ಲಾ, ಇಲಿ ತನ್ನ ಎರಡು ಹೊಳ್ಳೆಗಳನ್ನು ಹೋಲಿಸಿ, ಒಂದೇ ಮೂಸುವಿಕೆಯಲ್ಲಿ ವಾಸನೆ ಎಡದಿಂದ ಬಂತೋ ಬಲದಿಂದಲೋ ತಿಳಿಯಬಲ್ಲದು ಎಂದು ತೋರಿಸಿದರು. ಒಂದು ಹೊಳ್ಳೆ ಮುಚ್ಚಿದರೆ ಆ ಶಕ್ತಿ ಹೋಗುತ್ತಿತ್ತು. ಅದೇ ಪ್ರಯೋಗಾಲಯದಲ್ಲಿ ಪಿಎಚ್‌.ಡಿ. ಮಾಡಿದ ಸಚಿನ್ ದೇಶಮುಖ್ ಅಮೆರಿಕದಲ್ಲಿ ಜೇಮ್ಸ್ ನೀರಿಮ್ ಅವರೊಂದಿಗೆ ದುಡಿದು, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 2013ರಲ್ಲಿ ಅವರಿಬ್ಬರು ಪ್ರಕಟಿಸಿದ ಲೇಖನದಲ್ಲಿ ಹೆಗ್ಗುರುತುಗಳ ಮಾತಿದೆ: ಹಿಪೊಕ್ಯಾಂಪಸ್‌ನ ಕೆಲವು ಕೋಶಗಳು ಒಂದು ವಸ್ತುವಿನಿಂದ ಇಂತಿಷ್ಟು ದೂರ, ಇಂಥ ದಿಕ್ಕು ಎಂಬುದನ್ನು ಹಿಡಿದಿಡುತ್ತವೆ. ಕೆಲವೇ ಕೆಲವು, ವಸ್ತು ಈಗಿಲ್ಲದ, ಮೊದಲು ಇದ್ದ ಜಾಗದಲ್ಲೂ ಮಿಡಿದವು.

ಈ ಕೊನೆಯ ವಾಕ್ಯವನ್ನು ನಾನು ಓದಿದ್ದು ಅವ್ವ ದಿವಾಕ್ಕೆ ಬಂದ ವರ್ಷ. ಆದ್ದರಿಂದ ಅದು ತಲೆಯಲ್ಲಿ ಉಳಿಯಿತು.

ಅಪ್ಪ ತೀರಿಕೊಂಡ ಮೇಲೆ ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅವ್ವ ಒಬ್ಬಳೇ ಆದಳು. ಎಪ್ಪತ್ತೆರಡು ವರ್ಷ. ಅಲ್ಲಿ ಕರೆಂಟು ಹೋದರೂ ಕತ್ತಲಲ್ಲೇ ಹಿತ್ತಲಿಗೆ, ದನದ ಕೊಟ್ಟಿಗೆಗೆ, ನೆರೆಮನೆಗೆ ಹೋಗಿ ಬರುತ್ತಿದ್ದಳು. ಕಣ್ಣು ಮಂಜಾಗಿದ್ದದ್ದು ನಮಗೆ ಗೊತ್ತೇ ಆಗಿರಲಿಲ್ಲ. ದಿವಾ ಪೂರ್ವದ ನಮ್ಮ ನಾಲ್ಕನೆಯ ಮಹಡಿಗೆ ಬಂದ ಎರಡನೆಯ ವಾರ ಕೊತ್ತಂಬರಿ ತರಲು ಕೆಳಗಿಳಿದವಳು ಮೂರನೆಯ ಬಿಲ್ಡಿಂಗಿನ ಗೇಟಿನ ಮುಂದೆ ನಿಂತುಬಿಟ್ಟಿದ್ದಳು. "ಎಲ್ಲಾ ಬಿಲ್ಡಿಂಗೂ ಒಂದಽ ನಮೂನಿ ಅದಾವಲ್ಲೋ ತಮ್ಮಾ, ಹೆಂಗ ಗುರ್ತಾ ಹಿಡೀಬೇಕು?" ಎಂದಳು. ಊರಿನಿಂದ ಸಂಬಂಧಿಕರೊಬ್ಬರು ಫೋನಿನಲ್ಲಿ "ಅರಳುಮರಳು ಶುರು ಆಗೇತಿ, ಇನ್ನ ಒಬ್ಬಾಕಿನ್ನ ಹೊರಗ ಬಿಡಬ್ಯಾಡ್ರಿ" ಎಂದು ತೀರ್ಪು ಕೊಟ್ಟರು. ಮನೆಯಲ್ಲೂ ಎಲ್ಲರೂ ಹಾಗೇ ಅಂದುಕೊಳ್ಳತೊಡಗಿದ್ದರು.

ಆ ಭಯಕ್ಕೆ ಕಾರಣ ಇಲ್ಲದಿಲ್ಲ. ಅಲ್ಜೈಮರ್ ಕಾಯಿಲೆ ಮೊದಲು ತಟ್ಟುವ ಜಾಗಗಳಲ್ಲಿ ಎಂಟೊರೈನಲ್ ಕಾರ್ಟೆಕ್ಸ್ ಒಂದು, ಮೋಸರ್ ತಂಡದ ಗ್ರಿಡ್ ಕೋಶಗಳಿರುವ ಅದೇ ಪ್ರದೇಶ. ದಾರಿ ತಪ್ಪುವುದು ಅದರ ಆರಂಭದ ಲಕ್ಷಣಗಳಲ್ಲಿ ಒಂದು. ಆದ್ದರಿಂದ ವೈದ್ಯರಿಗೆ ತೋರಿಸಿದೆವು. ಅವರು ಪರೀಕ್ಷೆ ಮಾಡಿ, ನೆನಪಿಗೆ ಏನೂ ಆಗಿಲ್ಲ, ಕಣ್ಣಿನ ಪೊರೆ ತೆಗೆಸಿ ಎಂದರು. ತೆಗೆಸಿದೆವು. ಕಣ್ಣು ಸರಿಯಾದ ಮೇಲೂ ಅವ್ವ ಹೊರಗೆ ಹೋಗಲು ಅಂಜುತ್ತಿದ್ದಳು.

ಆಗ ನನಗೆ ಈ ಇತಿಹಾಸ ಕೆಲಸಕ್ಕೆ ಬಂತು. ಹಳ್ಳಿಯಲ್ಲಿ ಅವ್ವ ಕಣ್ಣಿನಿಂದ ನಡೆಯುತ್ತಿರಲಿಲ್ಲ. ಐವತ್ತು ವರ್ಷ ಕಟ್ಟಿದ ಮಾದರಿ ಅವಳನ್ನು ನಡೆಸುತ್ತಿತ್ತು, ಮಂಜಾದ ಕಣ್ಣು ಊಹೆ ತಪ್ಪಿದಾಗಷ್ಟೇ ಸುದ್ದಿ ಹೇಳಿದರೆ ಸಾಕಾಗಿತ್ತು. ದಿವಾದಲ್ಲಿ ಊಹೆಯೇ ಇಲ್ಲ, ಎಲ್ಲವೂ ಸುದ್ದಿ. ಆಟೋ, ಬೈಕು, ಜನ, ಒಂದೇ ಬಣ್ಣದ ಗೇಟುಗಳು. ಅವಳಿಗೆ ಆದದ್ದು ಮರೆವಲ್ಲ, ನೆನಪಿಡಲು ಇನ್ನೂ ಏನೂ ಕಟ್ಟಿರಲಿಲ್ಲ. ಮನೆಯೊಳಗೆ ಕೂರಿಸಿದರೆ ಅದು ಎಂದೂ ಕಟ್ಟುವುದಿಲ್ಲ.

ಲಂಡನ್ನಿನ ಟ್ಯಾಕ್ಸಿ ಚಾಲಕರ ಕಥೆ ನಿಮ್ಮಲ್ಲಿ ಹಲವರು ಕೇಳಿರಬಹುದು. ಲೈಸೆನ್ಸಿಗಾಗಿ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡುವ ಅವರ ಹಿಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದೆಂದು 2000ದಲ್ಲಿ ಎಲಿನಾರ್ ಮ್ಯಾಗ್ವೈರ್ ತಂಡ ತೋರಿಸಿತ್ತು. ದೊಡ್ಡದಿದ್ದವರೇ ಆ ಕೆಲಸಕ್ಕೆ ಬಂದರೇ ಎಂಬ ಪ್ರಶ್ನೆಗೆ 2011ರ ಅಧ್ಯಯನ ಉತ್ತರ ಕೊಟ್ಟಿತು: ಕಲಿತು ಪಾಸಾದವರಲ್ಲಿ ಅದು ಕಲಿಕೆಯ ವರ್ಷಗಳಲ್ಲೇ ಬೆಳೆದಿತ್ತು, ಪಾಸಾಗದವರಲ್ಲಿ ಬೆಳೆದಿರಲಿಲ್ಲ. ಅವರೆಲ್ಲ ಅವ್ವನಿಗಿಂತ ಬಹಳ ಚಿಕ್ಕವರು, ನಿಜ. ಆದರೂ ಬೆಳೆದವರ ಮಿದುಳೂ ಹೊಸ ಊರನ್ನು ಕಟ್ಟಿಕೊಳ್ಳಬಲ್ಲದು ಎಂಬುದಕ್ಕೆ ಅಷ್ಟು ಸಾಕ್ಷಿ ನನಗೆ ಸಾಕಾಯಿತು.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ನಾನೋ ನನ್ನ ಹೆಂಡತಿಯೋ ಅವ್ವನ ಜೊತೆ ನಡೆದೆವು. ಮುಂದೆ ನಡೆಯುವವಳು ಅವ್ವ, ನಾವು ಹಿಂದೆ. ತಿರುವಿಗೆ ಮೊದಲು "ಈಗ ಏನ ಬರ್ತೈತಿ?" ಎಂದು ಕೇಳುವುದು, ಅಷ್ಟೆ. ಬೋರ್ಡುಗಳು ಮರಾಠಿಯಲ್ಲಿ, ಅವ್ವನಿಗೆ ಓದು ಬಾರದು. ಅವಳೇ ಹೆಸರಿಟ್ಟಳು: ಹಿಟ್ಟಿನ ಗಿರಣಿ ಓಣಿ, ಗಣಪತಿ ಗುಡಿ ತಿರುವು, ಮುರುಕು ಗ್ವಾಡಿ, ವಡಾಪಾವ್ ಗಾಡಿ. ಒಂದು ದಿನ ಆ ಗಾಡಿ ಅಲ್ಲಿರಲಿಲ್ಲ. ಅವ್ವ ಅದು ಇರಬೇಕಿದ್ದ ಜಾಗದಲ್ಲೇ ನಿಂತು, ಅತ್ತಿತ್ತ ನೋಡಿ, "ಇವತ್ತ ಅಂವಾ ಬಂದಿಲ್ಲ" ಎಂದು ಎಡಕ್ಕೆ ತಿರುಗಿ ಮನೆಯ ದಾರಿ ಹಿಡಿದಳು. ಮಾದರಿ ಕಟ್ಟಿಕೊಂಡಿದೆ ಎಂದು ನನಗೆ ಖಾತ್ರಿಯಾದದ್ದು ಆ ದಿನ. ನಾಲ್ಕು ತಿಂಗಳಲ್ಲಿ ಅವಳು ಒಬ್ಬಳೇ ಗುಡಿಗೆ, ಸಂತೆಗೆ ಹೋಗತೊಡಗಿದಳು. ಸ್ಟೇಷನ್ನಿನ ಮೇಲ್ಸೇತುವೆ ಮಾತ್ರ ಇಂದಿಗೂ ಒಬ್ಬಳೇ ದಾಟುವುದಿಲ್ಲ. ಆ ಜನಜಂಗುಳಿಯಲ್ಲಿ ಅದು ಜಾಣತನವೇ.

ಡೊಂಬಿವಲಿ, ಕಲ್ಯಾಣ, ಐರೋಲಿಯ ಫ್ಲಾಟುಗಳಲ್ಲಿ ಹೀಗೆ ಊರಿನಿಂದ ಬಂದು ಸೋಫಾದ ಮೇಲೆ ಕೂತ ಎಷ್ಟೋ ಹಿರಿಯರನ್ನು ನಾನು ಕಂಡಿದ್ದೇನೆ. ಅವರ ಬಗ್ಗೆ ಮಕ್ಕಳು ಪಿಸುದನಿಯಲ್ಲಿ ಆಡುವ ಮಾತನ್ನೂ ಕೇಳಿದ್ದೇನೆ. ಮರೆವು ಹೆಚ್ಚುತ್ತಿದೆ ಎನ್ನಿಸಿದರೆ ವೈದ್ಯರಿಗೆ ತೋರಿಸಲೇಬೇಕು. ಕಾಯಿಲೆಯಿಲ್ಲ ಎಂದು ತಿಳಿದ ಮೇಲೆ ಬೇಕಾದದ್ದು ಪ್ರತಿದಿನ ಅರ್ಧ ಗಂಟೆ ಮತ್ತು ಒಂದು ಚೀಲ. ಮುಂದೆ ಅವರು ನಡೆಯಲಿ, ನೀವು ಹಿಂದೆ ಇರಿ, ತಿರುವು ಬರುವ ಮೊದಲು ಮುಂದೇನು ಎಂದು ಕೇಳಿ. ಮೊದಲ ವಾರ ಉತ್ತರಗಳು ತಪ್ಪುತ್ತವೆ. ತಪ್ಪಲಿ, ಮಿದುಳು ಕಲಿಯುವುದೇ ಅದರಿಂದ.